ಕಸುವೋ, ಚಳಕವೋ?

ಕುರುಕ್ಷೇತ್ರದ ಹದಿನೆಂಟನೆಯ ದಿನ, ದುರ್ಯೋಧನನೊಡನೆ ಗದಾಯುದ್ಧಕ್ಕೆ ಭೀಮನು ಅಣಿಯಾದಾಗ ಕೃಷ್ಣನಿಗೆ ಅಳುಕು ಉಂಟಾಯಿತೆಂದು ವ್ಯಾಸಭಾರತದ ಶಲ್ಯಪರ್ವ ಹೇಳುತ್ತದೆ. ಬಲದಲ್ಲಿ ಭೀಮನೇ ಮೇಲು, ಅದರಲ್ಲಿ ಸಂದೇಹವಿಲ್ಲ. ಆದರೆ ದುರ್ಯೋಧನನು ಭೀಮನದೊಂದು ಕಬ್ಬಿಣದ ಪ್ರತಿಮೆಯನ್ನು ನಿಲ್ಲಿಸಿಕೊಂಡು, 13 ವರ್ಷಗಳ ಕಾಲ ಅದರ ಮೇಲೆ ಗದೆ ಬೀಸಿ ಕೈ ಪಳಗಿಸಿಕೊಂಡವನು. ಬಲ್ಲಿದನೂ ಪಳಗಿದವನೂ ಇದಿರುಬದಿರಾದರೆ ಪಳಗಿದವನದೇ ಮೇಲುಗೈ ಎಂಬುದು ಕೃಷ್ಣನ ಲೆಕ್ಕ. ಆ ಲೆಕ್ಕ ಸುಳ್ಳಾಗಲಿಲ್ಲ. ಯುದ್ಧಧರ್ಮವನ್ನು ಮೀರಿ ತೊಡೆಗೆ ಹೊಡೆದ ಮೇಲೆಯೇ ಭೀಮನಿಗೆ ಗೆಲವು ದೊರೆತುದು. ರನ್ನನ ಕಾವ್ಯದಿಂದ ನಮ್ಮ ಬಯಲಾಟದ ರಂಗಸ್ಥಳದವರೆಗೆ ಈ ಪ್ರಸಂಗವನ್ನು ನಾವು ಬಲ್ಲೆವು. ಅದರ ಒಡಲಲ್ಲಿರುವ ಪ್ರಶ್ನೆಯೊಂದನ್ನು ಮಾತ್ರ ಇಂದು ಎತ್ತಿಕೊಳ್ಳುತ್ತೇನೆ: ಮೈಯಿಂದ ಮಾಡುವ ಕೆಲಸವು ಸಾಗುವುದು ಕಸುವಿನಿಂದಲೋ, ಚಳಕದಿಂದಲೋ?

ಈ ಪ್ರಶ್ನೆಯನ್ನು ಬಹಳ ಶ್ರದ್ಧೆಯಿಂದ ಚರ್ಚಿಸುವವರು ಇದ್ದಾರೆ. ಅವರು ಜಟ್ಟಿಗಳೂ ಅಲ್ಲ, ವೈದ್ಯರೂ ಅಲ್ಲ. ಒಂದು ಬಗೆಯ ಮೇಜಿನಾಟದ ಆಟಗಾರರು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಆಟವನ್ನು ಹೊರತಂದರು. ನಾಲ್ಕಾರು ಮಂದಿ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ಆ ಪಾತ್ರದ ಮಾತನ್ನೂ ನಡೆಯನ್ನೂ ಸ್ಥಳದಲ್ಲೇ ಕಲ್ಪಿಸುತ್ತ ಕಥೆಯನ್ನು ಮುಂದುವರಿಸುತ್ತಾರೆ. ತಾಳಮದ್ದಳೆಯನ್ನು ಕಂಡ ನಮಗೆ ಇದು ತೀರ ಹೊಸತೆನಿಸಬೇಕಾಗಿಲ್ಲ. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲಿಯೇ ಅರ್ಥಧಾರಿಯು ಕರ್ಣನಾಗುತ್ತಾನೆ, ಕೃಷ್ಣನಾಗುತ್ತಾನೆ. ವ್ಯತ್ಯಾಸವಿಷ್ಟೆ: ತಾಳಮದ್ದಳೆಯಲ್ಲಿ ಕಥೆಯ ಕೊನೆ ಮೊದಲೇ ಗೊತ್ತು, ಮೇಜಿನಾಟದಲ್ಲಿ ಅದನ್ನು ದಾಳಗಳು ನಿಶ್ಚಯಿಸುತ್ತವೆ.

ದಾಳಕ್ಕೆ ಅಂಕೆ ಬೇಕಲ್ಲವೆ? ಅದಕ್ಕಾಗಿ ಪ್ರತಿಯೊಂದು ಪಾತ್ರಕ್ಕೂ ಆರು ಗುಣಗಳನ್ನು ಗೊತ್ತುಪಡಿಸಿದರು. ಮೂರು ದಾಳ ಉರುಳಿಸಿ ಬಂದ ಮೊತ್ತವೇ, ಅಂದರೆ 3ರಿಂದ 18ರ ವರೆಗಿನ ಒಂದು ಸಂಖ್ಯೆಯೇ, ಆ ಗುಣದ ಅಳತೆ. ಆರರಲ್ಲಿ ಒಂದು ಕಸುವು, ಇನ್ನೊಂದು ಚಳಕ. 2014ರಲ್ಲಿ ಬಂದ ಅದರ ಐದನೆಯ ಆವೃತ್ತಿಯ ಪ್ರಕಾರ ಹತ್ತುವುದು, ಹಾರುವುದು, ಈಜುವುದು ಕಸುವಿನ ಪಾಲು; ಆಯ ತಪ್ಪದೆ ನಿಲ್ಲುವುದು, ಲಾಗ ಹಾಕುವುದು, ಬಿಲ್ಲಿನಿಂದ ಎಸೆಯುವುದು ಚಳಕದ ಪಾಲು. ಆಟಗಾರರ ತಕರಾರು ಹುಟ್ಟುವುದು ಇಲ್ಲಿಯೇ. ಮರ ಹತ್ತುವುದರಲ್ಲಿ ಚಳಕವಿಲ್ಲವೆ? ಬಿಲ್ಲು ಸೆಳೆಯುವುದಕ್ಕೆ ಕಸುವು ಬೇಡವೆ?

ಬಿಲ್ಲಿನ ಮಾತನ್ನೇ ಮೊದಲು ನೋಡೋಣ. 1545ರಲ್ಲಿ ಮುಳುಗಿದ ಇಂಗ್ಲೆಂಡಿನ 'ಮೇರಿ ರೋಸ್' ಎಂಬ ಯುದ್ಧನೌಕೆಯನ್ನು 1982ರಲ್ಲಿ ಕಡಲಿನಿಂದ ಮೇಲೆತ್ತಲಾಯಿತು. ಅದರೊಳಗಿದ್ದ ನೀಳ ಬಿಲ್ಲುಗಳನ್ನು ಪರೀಕ್ಷಿಸಿದವರು, ಅವುಗಳನ್ನು ಸೆಳೆಯಲು 100 ಪೌಂಡಿಗೂ ಮಿಕ್ಕ ಬಲ ಬೇಕಾಗುತ್ತಿತ್ತೆಂದು ಲೆಕ್ಕ ಹಾಕಿದ್ದಾರೆ. ದ್ರೌಪದಿಯ ಸ್ವಯಂವರದ ಕಥೆಯನ್ನು ಕಟ್ಟಿದವರಿಗೆ ಇದು ತಿಳಿದಿತ್ತು. ಆದ್ದರಿಂದಲೇ ಅಲ್ಲಿ ಪಣ ಒಂದಲ್ಲ, ಎರಡು. ಮೊದಲು ಬಿಲ್ಲಿಗೆ ಹೆದೆಯೇರಿಸಬೇಕು. ಆಮೇಲೆ ಗುರಿಯನ್ನು ಕೆಡಹಬೇಕು. ಅನೇಕ ಅರಸರು ಮೊದಲನೆಯದರಲ್ಲಿಯೇ ಮುಗ್ಗರಿಸಿದರು. ಎರಡರಲ್ಲಿಯೂ ಗೆದ್ದವನು ಅರ್ಜುನ.

ಇನ್ನು ದೇಹಶಾಸ್ತ್ರ ಏನೆನ್ನುತ್ತದೆ? ಮಣಿಪಾಲದಲ್ಲಿರುವ ಅಂಗರಚನಾಶಾಸ್ತ್ರದ ವಸ್ತುಸಂಗ್ರಹಾಲಯವನ್ನು ನೋಡಿ ಬಂದವರು ಮನುಷ್ಯನ ಕೈಯ ರಚನೆಯನ್ನು ನೆನಪಿಗೆ ತಂದುಕೊಳ್ಳಬಹುದು. ನಮ್ಮ ಬೆರಳುಗಳೊಳಗೆ ಅವುಗಳನ್ನು ಮಡಿಸುವ ಮಾಂಸಖಂಡವೇ ಇಲ್ಲ. ಬೆರಳನ್ನು ಬಲವಾಗಿ ಮಡಿಸುವ ಸ್ನಾಯುಗಳು ಮೊಣಕೈಯ ಕೆಳಗೆ, ಮುಂದೋಳಿನಲ್ಲಿವೆ. ಅಲ್ಲಿಂದ ನೀಳವಾದ ಸ್ನಾಯುರಜ್ಜುಗಳು ಬೆರಳ ತುದಿಯವರೆಗೆ ಹಾಯ್ದಿವೆ. ವೀಣೆಯ ತಂತಿಯನ್ನು ಒತ್ತುವಾಗಲೂ ಬಾವಿಯ ಹಗ್ಗವನ್ನು ಸೇದುವಾಗಲೂ ದುಡಿಯುವುದು ಅದೇ ಮುಂದೋಳು. ಇನ್ನೊಂದು ಸಂಗತಿ: ವ್ಯಾಯಾಮಕ್ಕೆ ತೊಡಗಿದವನ ಬಲ ಮೊದಲ ಕೆಲವು ವಾರಗಳಲ್ಲಿ ಹೆಚ್ಚುವುದು ಮಾಂಸಖಂಡ ದಪ್ಪವಾಗುವುದರಿಂದಲ್ಲ, ಇರುವ ಮಾಂಸಖಂಡವನ್ನು ಕೂಡಿ ದುಡಿಯುವಂತೆ ಕರೆಯುವುದನ್ನು ನರಗಳು ಕಲಿಯುವುದರಿಂದ. ಎಂದ ಮೇಲೆ ಕಸುವು ಕೂಡ ಬಹುಮಟ್ಟಿಗೆ ಒಂದು ಕಲಿಕೆ. ಬಲ ಹುಟ್ಟಿನಿಂದ ಬಂದದ್ದು, ಚಳಕ ಅಭ್ಯಾಸದಿಂದ ಬಂದದ್ದು ಎಂದು ನಾವು ಎಳೆಯುವ ಗೆರೆ ಮೈಯೊಳಗೆ ಎಲ್ಲಿಯೂ ಇಲ್ಲ.

ಈಗ ನಮ್ಮ ತೋಟಗಳಿಗೆ ಬರೋಣ. ಆಟದ ನಿಯಮವು ಹತ್ತುವುದನ್ನು ಕಸುವಿಗೆ ಬರೆಯಿತಷ್ಟೆ. ತೆಂಗಿನ ಮರವೇರುವವನು ಪಾದಗಳಿಗೆ ಹಗ್ಗದ ಬಳೆ ತೊಟ್ಟು, ಪಾದಗಳ ನಡುವೆ ಕಾಂಡವನ್ನು ಒತ್ತಿ ಹಿಡಿದು, ಮೈಯನ್ನು ಎತ್ತಿ, ಮತ್ತೆ ಒತ್ತಿ ಹಿಡಿಯುತ್ತಾನೆ. ಅವನು ಎತ್ತಬೇಕಾದ ಹೊರೆ ತನ್ನದೇ ಮೈ. ಆದ್ದರಿಂದ ಗಜಕಾಯದ ಜಟ್ಟಿಯ ಕಸುವು ಇಲ್ಲಿ ಅವನಿಗೇ ಭಾರವಾದೀತು. ಮಳೆಗೆ ತೊಯ್ದ ಕಾಂಡದಲ್ಲಿ ಎಷ್ಟು ಒತ್ತಬೇಕು, ಮೇಲೆ ಗರಿಗಳ ನಡುವೆ ಕೈ ಎಲ್ಲಿ ಊರಬೇಕು ಎಂಬ ಅರಿವು ತಪ್ಪಿದರೆ ಬರಿಯ ಬಲ ಅವನನ್ನು ಕಾಯದು.

ಕಾಪುವಿನ ಕಡಲ ತಡಿಯಲ್ಲಿ, 1901ರ ದೀಪಸ್ತಂಭದ ಆಸುಪಾಸಿನ ಮೊಗವೀರ ಪಟ್ಟಣಗಳಲ್ಲಿ, ಎರಡು ಬಗೆಯ ಬಲೆಗಳ ನೆನಪಿದೆ. ಒಂದು ರಂಪಣಿ, ಡೋಣಿಯಲ್ಲಿ ಕೊಂಡೊಯ್ದು ಕಡಲಲ್ಲಿ ಅರ್ಧವೃತ್ತವಾಗಿ ಬಿಟ್ಟು, ಎರಡೂ ತುದಿಗಳನ್ನು ದಡದಿಂದ ಹತ್ತಾರು ಮಂದಿ ಎಳೆಯುವ ಭಾರಿ ಬಲೆ. ಇನ್ನೊಂದು ಬೀಸುಬಲೆ; ಒಬ್ಬನೇ ನಿಂತು ಬೀಸಿ ನೀರ ಮೇಲೆ ದುಂಡಗೆ ಅರಳಿಸುವ ಬಲೆ. ಮೊದಲನೆಯದು ಕಸುವು, ಎರಡನೆಯದು ಚಳಕ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ರಂಪಣಿಯ ಎರಡೂ ಕೈಗಳು ಸಮನಾಗಿ ಬಾರದಿದ್ದರೆ ಮೀನು ಪಾರಾಗುತ್ತದೆ. ಒದ್ದೆಯಾದ ಬೀಸುಬಲೆಯನ್ನು ಮುಂಜಾನೆಯಿಂದ ಬೀಸುತ್ತಿದ್ದವನಿಗೆ ಅದರ ಅಂಚಿನ ಸೀಸದ ತೂಕ ಗೊತ್ತು. 1970ರ ದಶಕದಲ್ಲಿ ಯಂತ್ರದೋಣಿಗಳ ಪರ್ಸೀನ್ ಬಲೆ ಬಂದು ರಂಪಣಿ ಹಿಂದೆ ಸರಿದಾಗ, ಅದರೊಡನೆ ಹಿಂದೆ ಸರಿದುದು ತೋಳಬಲ ಮಾತ್ರವಲ್ಲ. ನೂರು ಕೈಗಳನ್ನು ಒಂದೇ ಲಯಕ್ಕೆ ತರುವ ಒಂದು ವಿದ್ಯೆ.

ಹಾಗಾದರೆ ನಿಯಮವೇ ಬೇಡವೆ? ಬೇಕು. ಆಟವೆಂದ ಮೇಲೆ ಅಳತೆ ಬೇಕು. ಆ ಅಳತೆಯನ್ನು ಹೇಗೆ ಇಡಬೇಕೆಂಬುದಕ್ಕೆ ನಮ್ಮ ಕಂಬಳ ಒಂದು ದಾರಿ ತೋರಿಸುತ್ತದೆ. ಕಾರ್ಕಳದ ಬಳಿಯ ಮಿಯಾರಿನಲ್ಲಿಯೋ ಕಾಪು ತಾಲೂಕಿನ ಕಟಪಾಡಿಯಲ್ಲಿಯೋ ಕಂಬಳ ಕಂಡವರಿಗೆ ಅದರ ವಿಭಾಗಗಳು ತಿಳಿದಿವೆ: ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ. ಹಗ್ಗ ಮತ್ತು ನೇಗಿಲಿನಲ್ಲಿ ಓಡಿಸುವವನು ಕೋಣಗಳ ಹಿಂದೆ ತಾನೂ ಓಡುತ್ತಾನೆ, ಗೆಲವು ವೇಗಕ್ಕೆ. ಕನೆ ಹಲಗೆಯಲ್ಲಿ ಅವನು ರಂಧ್ರಗಳುಳ್ಳ ಮರದ ತುಂಡೊಂದನ್ನು ಮೆಟ್ಟಿ ನಿಲ್ಲುತ್ತಾನೆ. ಆ ರಂಧ್ರಗಳಿಂದ ಚಿಮ್ಮುವ ನೀರು ಮೇಲೆ ಅಡ್ಡ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂದು ಎತ್ತರದ ಗಡಿಗಳಿವೆ. ಅಲ್ಲಿ ವೇಗವೂ ಬೇಕು, ಮೆಟ್ಟುವ ಒತ್ತಡವೂ ಬೇಕು, ಆಯವೂ ಬೇಕು. ಹಗ್ಗದಲ್ಲಿ ಹೆಸರಾದವನು ಕನೆ ಹಲಗೆಯಲ್ಲಿಯೂ ಹೆಸರಾಗಬೇಕೆಂದಿಲ್ಲ.

ಇಲ್ಲಿ ಗಮನಿಸಬೇಕಾದುದು ಇದು. ಓಡಿಸುವವನಲ್ಲಿ ಕಸುವೆಷ್ಟು, ಚಳಕವೆಷ್ಟು ಎಂದು ಕಂಬಳದ ಹಿರಿಯರು ತೂಗಲು ಹೋಗಲಿಲ್ಲ. ಅವರು ಅಳೆದುದು ಮನುಷ್ಯನನ್ನಲ್ಲ, ಕೆಲಸವನ್ನು. ಕೆಲಸ ಬೇರೆಯಾದಲ್ಲಿ ಅಳತೆಯನ್ನೂ ಬೇರೆ ಮಾಡಿದರು.

ಈ ವಿವೇಕವನ್ನು ಹೊರಗಿನವರು ಮರೆತ ಒಂದು ಪ್ರಸಂಗ 2020ರ ಫೆಬ್ರುವರಿಯಲ್ಲಿ ನಡೆಯಿತು. ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಪತ್ರಿಕೆಗಳು ಅದನ್ನು 100 ಮೀಟರಿಗೆ ಭಾಗಿಸಿ 9.55 ಸೆಕೆಂಡೆಂದು ಲೆಕ್ಕ ಹಾಕಿ, 2009ರಲ್ಲಿ ಬರ್ಲಿನ್ನಿನಲ್ಲಿ ಉಸೇನ್ ಬೋಲ್ಟ್ ಓಡಿದ 9.58ರ ಪಕ್ಕದಲ್ಲಿ ಇರಿಸಿದವು. ಅದೇ ತಿಂಗಳು ಕಾರ್ಕಳ ತಾಲೂಕಿನ ಬಜಗೋಳಿಯ ನಿಶಾಂತ್ ಶೆಟ್ಟರು ವೇಣೂರಿನಲ್ಲಿ 143 ಮೀಟರನ್ನು 13.61 ಸೆಕೆಂಡುಗಳಲ್ಲಿ ಮುಗಿಸಿದರು. ಓಟದ ಪರೀಕ್ಷೆಗೆ ಕೇಂದ್ರ ಸರಕಾರದಿಂದ ಕರೆ ಬಂದಾಗ ಗೌಡರು ಒಪ್ಪಲಿಲ್ಲ. ಟ್ರ್ಯಾಕಿನ ಓಟ ಕಾಲಬೆರಳಿನದು, ಕಂಬಳದ ಓಟ ಹಿಮ್ಮಡಿಯದು. ಅಲ್ಲದೆ ಇಲ್ಲಿ ಕೋಣಗಳ ಪಾಲೂ ಇದೆ ಎಂಬರ್ಥದ ಮಾತನ್ನು ಅವರು ಹೇಳಿದರು. ಓಟವೆಂದರೆ ಓಟವೇ ಎಂದು ತಿಳಿದವರಿಗೆ ಇದಕ್ಕಿಂತ ಖಚಿತವಾದ ಉತ್ತರ ಬೇಕಿಲ್ಲ. ಕೆಸರಿನಲ್ಲಿ ಕೋಣಗಳ ಸೆಳೆತಕ್ಕೆ ಮೈಯನ್ನು ಒಡ್ಡಿ ಬೀಳದೆ ಓಡುವುದು ಬೇರೆಯೇ ಒಂದು ವಿದ್ಯೆ.

ಮೇಜಿನಾಟದವರಿಗೂ ಇದರಿಂದ ಒಂದು ಸೂತ್ರ ದೊರಕೀತು. ಪಾತ್ರವು ಒಂದು ಸಾಹಸಕ್ಕೆ ತೊಡಗಿದಾಗ, ಅದು ಸೋತರೆ ಹೇಗೆ ಸೋತೀತು ಎಂದು ಕೇಳಿಕೊಳ್ಳಬೇಕು. ಸಾಲದೆ ಸೋತರೆ, ಅಂದರೆ ಕಲ್ಲು ಅಲುಗದಿದ್ದರೆ, ಅದು ಕಸುವಿನ ಪರೀಕ್ಷೆ. ತಪ್ಪಿ ಸೋತರೆ, ಅಂದರೆ ಕಾಲು ಜಾರಿದರೆ, ಅದು ಚಳಕದ ಪರೀಕ್ಷೆ. ಒಂದೇ ಮರ ಒಣಗಿದ್ದಾಗ ಒಂದನ್ನೂ ತೊಯ್ದಾಗ ಇನ್ನೊಂದನ್ನೂ ಕೇಳಬಹುದು. ಆಟದ 2014ರ ನಿಯಮಗ್ರಂಥವೇ ಆಟ ನಡೆಸುವವನಿಗೆ ಇಂಥ ಬದಲಾವಣೆಯ ಸ್ವಾತಂತ್ರ್ಯವನ್ನು ಕೊಟ್ಟಿದೆ.

ಆಟದಲ್ಲಿ ಅಂಕೆ ತಪ್ಪಿದರೆ ಕೆಡುವುದು ಒಂದು ಸಂಜೆ. ಬದುಕಿನಲ್ಲಿಯೂ ಇಂಥದೇ ಒಂದು ಪಟ್ಟಿ ಇದೆ. ಕನಿಷ್ಠ ಕೂಲಿಯನ್ನು ಗೊತ್ತುಪಡಿಸುವ ಸರಕಾರಿ ಪಟ್ಟಿಗಳು ಕೆಲಸಗಳನ್ನು ಅಕುಶಲ, ಅರೆಕುಶಲ, ಕುಶಲ ಎಂದು ವಿಂಗಡಿಸುತ್ತವೆ. ಬರಿಯ ಕಸುವೆಂದು ಬರೆಸಿಕೊಂಡ ಕೆಲಸಕ್ಕೆ ಕೂಲಿ ಕಡಿಮೆ, ಗೌರವ ಅದಕ್ಕಿಂತ ಕಡಿಮೆ. ಕಲಿಯಬೇಕಾದುದು ಏನೂ ಇಲ್ಲವೆಂದು ಲೋಕ ನಂಬಿದ ಕೆಲಸವನ್ನು ಮಕ್ಕಳು ಏಕೆ ಕಲಿತಾರು? ತೆಂಗಿನ ಮರವೇರುವವರು ವಿರಳರಾಗಿ, 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿಯು ಯಂತ್ರದ ನೆರವಿನಿಂದ ಮರವೇರಲು ತರುಣರಿಗೆ ತರಬೇತಿ ಆರಂಭಿಸಬೇಕಾಯಿತು. ಇದು ಬರಿಯ ಕಸುವಿನ ಕೆಲಸವಾಗಿದ್ದರೆ ತರಬೇತಿಯ ಅಗತ್ಯವೇ ಇರಲಿಲ್ಲ.

ಕಾರ್ಕಳದ ಗುಡ್ಡದ ಮೇಲೆ 1432ರಲ್ಲಿ ಪ್ರತಿಷ್ಠೆಗೊಂಡ 42 ಅಡಿಯ ಗೊಮ್ಮಟನನ್ನು ನಾವು ಶಿಲ್ಪಿಯ ಚಳಕವೆಂದು ಕೊಂಡಾಡುತ್ತೇವೆ. ಸುತ್ತಿಗೆಯ ಪ್ರತಿಯೊಂದು ಪೆಟ್ಟಿನ ಹಿಂದೆ ತೋಳಿತ್ತು. ಕಲ್ಲು ಒಡೆಯದಂತೆ ಆ ತೋಳನ್ನು ತಡೆದು ಹಿಡಿದ ಅರಿವೂ ಇತ್ತು. ಶಿಲ್ಪಿಯಲ್ಲಿ ಕಾಣುವ ಈ ಜೋಡಿಯನ್ನು ಮರವೇರುವವನಲ್ಲಿಯೂ ಬಲೆಯೆಳೆಯುವವನಲ್ಲಿಯೂ ಕಾಣಲು ಕಲಿತರೆ, ಅವರ ಕೂಲಿಯನ್ನು ಲೆಕ್ಕ ಹಾಕುವಾಗ ನಮ್ಮ ಕೈ ಸ್ವಲ್ಪ ತಡೆದೀತು.