ಬಾಂಡ್ ಹಾಕಿದ ಕೂಲಿಂಗ್ ಗ್ಲಾಸ್, ಜಾತ್ರೆಯ ಕೂಲಿಂಗ್ ಗ್ಲಾಸ್: ಅಸಲಿ ಯಾವುದು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ)

 

ಹರಪನಹಳ್ಳಿಯ ಕೇಳುಗರೊಬ್ಬರು ಒಂದು ವಾಯ್ಸ್ ಮೆಸೇಜ್ ಕಳಿಸಿದ್ರು. "ಅಣ್ಣಾ, ಜೇಮ್ಸ್ ಬಾಂಡ್ ಹಾಕೋ ಟಾಮ್ ಫೋರ್ಡ್ ಕೂಲಿಂಗ್ ಗ್ಲಾಸ್ ಅಂತ ಆನ್‌ಲೈನಲ್ಲಿ 1,200 ರೂಪಾಯಿ ಕೊಟ್ಟು ತಗೊಂಡೆ. ಡಬ್ಬಿ ಮ್ಯಾಲೆ ಮಾರ್ಕೋಲಿನ್ ಅಂತ ಬ್ಯಾರೆ ಕಂಪನಿ ಹೆಸರೈತಿ. ದೋಸ್ತರೆಲ್ಲ ಡೂಪ್ಲಿಕೇಟ್ ಅಂತ ನಗಾಕತ್ಯಾರ. ಖರೇನಾ?"

ದೋಸ್ತರ ಅನುಮಾನ ಸರಿ ಇರಬಹುದು. ಆದ್ರೆ ಅವರು ಕೊಟ್ಟ ಕಾರಣ ತಪ್ಪು.

ಟಾಮ್ ಫೋರ್ಡ್ ಹೆಸರಿನ ಕನ್ನಡಕಗಳನ್ನ ತಯಾರಿಸೋದೇ ಮಾರ್ಕೋಲಿನ್ ಅನ್ನೋ ಇಟಲಿಯ ಕಂಪನಿ. ಹೆಸರು ಒಬ್ಬರದು, ತಯಾರಿಕೆ ಇನ್ನೊಬ್ಬರದು. ಇದಕ್ಕೆ ಲೈಸೆನ್ಸಿಂಗ್ ಅಂತಾರೆ. ನಮ್ಮ ಕೂಡ್ಲಿಗಿ, ಕೊಟ್ಟೂರು ಕಡೆ ಹೊಲ ಪಾಲಿಗೆ ಮಾಡ್ತಾರಲ್ಲ, ಹಂಗೇ. ಹೊಲ ಒಬ್ಬರದು, ಬಿತ್ತಿ ಬೆಳೆಯೋರು ಇನ್ನೊಬ್ಬರು, ರಾಶಿ ಆದಾಗ ಹೊಲದೋರಿಗೆ ಒಂದು ಪಾಲು. ಹಂಗಂತ ಆ ಶೇಂಗಾ ನಕಲಿ ಅಲ್ವಲ್ಲ! ಇಲ್ಲಿ ಹೊಲದ ಬದಲು ಬ್ರಾಂಡಿನ ಹೆಸರು. ಆ ಪಾಲಿಗೆ ರಾಯಲ್ಟಿ ಅಂತ ಹೆಸರು, ಅಷ್ಟೇ.

ಪ್ರಾಡಾ ಕನ್ನಡಕಗಳೂ ಹಿಂಗೇ. ಅವನ್ನ ಮಾಡೋದು ಎಸಿಲೋರ್‌ಲಕ್ಸೋಟಿಕಾ. ಆದ್ರೆ ರೇ-ಬ್ಯಾನ್ ಲೆಕ್ಕ ಬೇರೆ. ಆ ಬ್ರಾಂಡನ್ನೇ ಲಕ್ಸೋಟಿಕಾ 1999ರಲ್ಲಿ ಕೊಂಡುಕೊಂಡಿತು, ಅಂದ್ರೆ ಸ್ವಂತ ಹೊಲ. ಬಟ್ಟೆಯಲ್ಲೂ ಈ ಪದ್ಧತಿ ಇದೆ. ಆರೋ, ಯು.ಎಸ್. ಪೋಲೊ ಎರಡೂ ಅಮೆರಿಕದ ಹೆಸರುಗಳು. ಭಾರತದಲ್ಲಿ ಲೈಸೆನ್ಸ್ ಪಡೆದು ಅವನ್ನ ನಡೆಸೋದು ಬೆಂಗಳೂರಿನಲ್ಲಿ ಮುಖ್ಯ ಕಚೇರಿ ಇರೋ ಅರವಿಂದ್ ಫ್ಯಾಶನ್ಸ್. ಆ ಅಂಗಿ ಹಾಕೋರನ್ನ ಯಾರೂ ಡೂಪ್ಲಿಕೇಟ್ ಅಂತ ನಗಲ್ಲ.

ಈಗ ಸಿನಿಮಾಕ್ಕೆ ಬರೋಣ. 1962ರ 'ಡಾಕ್ಟರ್ ನೋ'ದಲ್ಲಿ ಶಾನ್ ಕಾನರಿಗೆ ಸೂಟ್ ಹೊಲಿದದ್ದು ಲಂಡನ್ನಿನ ಟೇಲರ್ ಆಂಥನಿ ಸಿಂಕ್ಲೇರ್. 1968ರಲ್ಲಿ ನಮ್ಮ ಬಾಂಡ್ ಬಂದ್ರು. ದೊರೆ-ಭಗವಾನ್ ನಿರ್ದೇಶನದ 'ಜೇಡರ ಬಲೆ'ಯಲ್ಲಿ ಡಾ. ರಾಜ್‌ಕುಮಾರ್ ಸಿಐಡಿ 999. ಅಂಥ ಕೋಟು ಬೇಕಂದ್ರೆ ನಮ್ಮೂರ ಹುಡುಗರು ಬಟ್ಟೆ ತಗೊಂಡು ಟೇಲರ್ ಹತ್ರ ಹೋಗಬೇಕಿತ್ತು. ಬ್ರಾಂಡಿನ ಮಾತೇ ಇಲ್ಲ.

ಆಮೇಲೆ ಸಿನಿಮಾನೇ ಷೋರೂಮ್ ಆಯ್ತು. 1995ರ 'ಗೋಲ್ಡನ್ ಐ'ನಿಂದ ಬಾಂಡ್ ಸೂಟು ಬ್ರಿಯೋನಿಯದು, 2008ರ 'ಕ್ವಾಂಟಮ್ ಆಫ್ ಸೋಲೇಸ್'ನಿಂದ ಟಾಮ್ ಫೋರ್ಡ್‌ದು. ಕೂಲಿಂಗ್ ಗ್ಲಾಸ್ 2006ರ 'ಕಸಿನೊ ರಾಯಲ್'ನಲ್ಲಿ ಪರ್ಸೋಲ್, 2021ರ 'ನೋ ಟೈಮ್ ಟು ಡೈ'ನಲ್ಲಿ ಬಾರ್ಟನ್ ಪೆರೇರಾ ಮತ್ತು ವುವಾರ್ನೆ. ಹಾಗಾಗಿ ಯಾರಾದ್ರೂ "ಬಾಂಡ್ ಗ್ಲಾಸ್" ಅಂದ್ರೆ ಯಾವ ಸಿನಿಮಾ, ಯಾವ ಮಾಡೆಲ್ ಅಂತ ಕೇಳ್ರಿ. ಬ್ರಾಂಡ್ ಒಂದೇ ಇದ್ರೂ ಮಾಡೆಲ್ ಬೇರೆ ಇದ್ರೆ ಅದು ಅಸಲಿ ಮಾಲು ಹೌದು, ಬಾಂಡ್ ಹಾಕಿದ ಗ್ಲಾಸ್ ಅಲ್ಲ.

ಇನ್ನು ಮೂರನೇದು, ನಕಲಿ. ಅನುಮತಿ ಇಲ್ಲದೇ ಹೆಸರು ಹಚ್ಚಿದ್ದು. ಕೊಟ್ಟೂರು ತೇರಿಗೋ ಹಡಗಲಿ ಕಡೆ ಮೈಲಾರ ಜಾತ್ರೆಗೋ ಹೋದ್ರೆ 150 ರೂಪಾಯಿಗೆ ರೇ-ಬ್ಯಾನ್ ಅಂತ ಬರೆದ ಗ್ಲಾಸ್ ಸಿಗುತ್ತೆ. ಅದು ಯಾವುದು ಅಂತ ಮಾರೋರಿಗೂ ಗೊತ್ತು, ಕೊಳ್ಳೋರಿಗೂ ಗೊತ್ತು. ಆದ್ರೂ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ಪ್ರಕಾರ ಸುಳ್ಳು ಗುರುತಿನ ಮಾಲು ಮಾರೋದಕ್ಕೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಇದೆ.

ಹರಪನಹಳ್ಳಿಯ ಗೆಳೆಯರೇ, ಮಾರ್ಕೋಲಿನ್ ಅಂತ ಇರೋದು ತಪ್ಪಲ್ಲ. ಆದ್ರೆ ನಕಲಿ ಮಾಡೋರು ಆ ಹೆಸರನ್ನೂ ಅಚ್ಚು ಹಾಕಬಲ್ಲರು. ನಿಮ್ಮ ಗ್ಲಾಸಿನ ಗುಟ್ಟು ಬಿಡೋದು 1,200 ರೂಪಾಯಿ ಅನ್ನೋ ಬೆಲೆ. ಅಸಲಿ ಟಾಮ್ ಫೋರ್ಡ್ ಬೆಲೆ ಹತ್ತಾರು ಸಾವಿರಗಳಲ್ಲಿ ಇರುತ್ತೆ. ಬಿಲ್ ತೆಗೆದು ಮಾರಿದವರು ಅಧಿಕೃತ ಡೀಲರ್ ಹೌದೋ ಅಲ್ವೋ ನೋಡ್ರಿ.

ದುಡ್ಡು ಹೋದ್ರೆ ಹೋಗಲಿ, ಕಣ್ಣಿನ ವಿಷಯ ಕೇಳ್ರಿ. ಗ್ಲಾಸಿನ ಕಪ್ಪು ಬಣ್ಣಕ್ಕೂ ಯುವಿ ಕಿರಣ ತಡೆಯೋದಕ್ಕೂ ಸಂಬಂಧ ಇಲ್ಲ. ಕಪ್ಪು ಗ್ಲಾಸ್ ಹಿಂದೆ ಬೆಳಕು ಕಡಿಮೆ ಆಗಿ ಕಣ್ಣಿನ ಪಾಪೆ ಅಗಲ ಆಗುತ್ತೆ. ಗ್ಲಾಸ್ ಯುವಿ ತಡೀಲಿಲ್ಲ ಅಂದ್ರೆ ಅಗಲವಾದ ಪಾಪೆಯಿಂದ ಅದು ಇನ್ನೂ ಹೆಚ್ಚು ಒಳಗೆ ಹೋಗುತ್ತೆ. ವರ್ಷಗಟ್ಟಲೆ ಬಿದ್ರೆ ಕಣ್ಣಿನ ಪೊರೆ ಬರೋ ಅಪಾಯ ಹೆಚ್ಚು. ಏಪ್ರಿಲ್ ಬಿಸಿಲಲ್ಲಿ ಹಗರಿಬೊಮ್ಮನಹಳ್ಳಿ, ಕೊಟ್ಟೂರು ಅಂತ ದಿನಾ ಬೈಕಲ್ಲಿ ಓಡಾಡೋರಿಗೆ ಇದು ಸ್ಟೈಲಿನ ಪ್ರಶ್ನೆ ಅಲ್ಲ.

'ಯುವಿ 400' ಅಂದ್ರೆ 400 ನ್ಯಾನೊಮೀಟರ್‌ವರೆಗಿನ ಕಿರಣ ತಡೆಯುತ್ತೆ ಅಂತ. ಆ ಸ್ಟಿಕ್ಕರನ್ನೂ ಯಾರು ಬೇಕಾದ್ರೂ ಅಂಟಿಸಬಹುದು. ಯುವಿ ಮೀಟರ್ ಇರೋ ಕನ್ನಡಕದ ಅಂಗಡಿಗೆ ಹೋಗಿ ಇಟ್ಟು ನೋಡ್ರಿ, ಒಂದು ನಿಮಿಷದ ಕೆಲಸ. ಪಾಸ್ ಆದ್ರೆ ಬ್ರಾಂಡ್ ಇಲ್ಲದ 400 ರೂಪಾಯಿ ಗ್ಲಾಸನ್ನೂ ಧೈರ್ಯವಾಗಿ ಹಾಕ್ರಿ. ಫೇಲ್ ಆದ್ರೆ ಸೆಲ್ಫಿಗಷ್ಟೇ ಇಟ್ಕೊಳ್ರಿ, ಬಿಸಿಲಿಗೆ ಬೇಡ.

ನಿಮ್ಮ ಗ್ಲಾಸ್ ಪಾಸಾಯ್ತಾ, ಫೇಲಾಯ್ತಾ ಅಂತ ವಾಯ್ಸ್ ಮೆಸೇಜ್ ಕಳಿಸ್ರಿ. ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಬರ್ಲಾ?