ಬೆಳಕನ್ನೂ ಯಂತ್ರವೇ ಆರಿಸಿಕೊಂಡರೆ

ಸದಸ್ಯ ಬಾಂಧವರಲ್ಲಿ ಅನೇಕರ ಮಕ್ಕಳು ಇಂಜಿನಿಯರಿಂಗ್ ಓದುತ್ತಿದ್ದಾರೆ. ಮಸೂರ, ಬೆಳಕುಗಳ ವಿಜ್ಞಾನವನ್ನೂ ಯಂತ್ರಕಲಿಕೆಯನ್ನೂ ಕೂಡಿಸಿ ಕಲಿಯುವುದೆಂದರೇನು ಎಂದು ಕೆಲವರು ಸಂಘದ ಕಛೇರಿಯಲ್ಲಿ ವಿಚಾರಿಸಿದ್ದರಿಂದ ಈ ನಾಲ್ಕು ಮಾತು.

ಚಾಲಿ ಅಡಿಕೆಯನ್ನು ನಾವು ಹೇಗೆ ನೋಡುತ್ತೇವೆ? ಅಂಗೈಯಲ್ಲಿಟ್ಟು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸುತ್ತೇವೆ. ನೇರ ಬೆಳಕಿನಲ್ಲಿ ಕಾಣದ ಬಿರುಕು ಓರೆ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಹೀಗೆ ಬೆಳಕನ್ನು ಬೇಕಾದಂತೆ ಬದಲಿಸುವ ಅಧಿಕಾರವನ್ನು ಕಂಪ್ಯೂಟರಿಗೆ ಕೊಡುವುದೇ ಇದರ ತಿರುಳು.

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಕೆಲಸ ಒಳ್ಳೆಯ ಉದಾಹರಣೆ. ಮಲೇರಿಯಾ ಪತ್ತೆಗಾಗಿ ಅವರು ಸೂಕ್ಷ್ಮದರ್ಶಕದ ಒಂದು ದೀಪದ ಬದಲು ಹಲವು ಬಣ್ಣದ ಎಲ್‌ಇಡಿಗಳ ಸಮೂಹವನ್ನಿಟ್ಟರು. ಒಂದೊಂದೇ ದೀಪ ಹೊತ್ತಿಸಿ ಒಂದೊಂದು ಚಿತ್ರ ತೆಗೆದರೆ ಸಾಕು. ಬೇರೆ ಬೇರೆ ದೀಪಗಳ ಬೆಳಕು ಒಂದಕ್ಕೊಂದು ಕೂಡುವುದರಿಂದ, ಯಾವ ದೀಪ ಎಷ್ಟು ಉರಿದರೆ ಹೇಗೆ ಕಂಡೀತು ಎಂಬುದನ್ನು ಲೆಕ್ಕದಲ್ಲೇ ತಿಳಿಯಬಹುದು. ಉತ್ತರ ತಪ್ಪಿದಾಗಲೆಲ್ಲ ಕಂಪ್ಯೂಟರು ತನ್ನ ಲೆಕ್ಕವನ್ನೂ ತಿದ್ದಿಕೊಳ್ಳುತ್ತದೆ, ದೀಪಗಳ ಪ್ರಖರತೆಯನ್ನೂ ತಿದ್ದುತ್ತದೆ. ಕೊನೆಗೆ ಅದು ಆರಿಸಿಕೊಂಡದ್ದು ಬಹುಮಟ್ಟಿಗೆ ಅಂಚಿನಿಂದ ಓರೆಯಾಗಿ ಬೀಳುವ ಹಲವು ಬಣ್ಣದ ಬೆಳಕನ್ನು. ಆ ಚಿತ್ರ ನಮ್ಮ ಕಣ್ಣಿಗೆ ಅಷ್ಟು ಸ್ವಚ್ಛವಲ್ಲ, ಆದರೆ ರೋಗಾಣು ಮಾತ್ರ ಹೊಳೆಯುತ್ತದೆ!

ಇದನ್ನು ಕಲಿಯುವವನು ಎರಡು ದೋಣಿಯಲ್ಲೂ ಕಾಲಿಡಲೇಬೇಕು. ನಾನು ಭೌತಶಾಸ್ತ್ರದ ಪದವೀಧರ. ಕತ್ತಲೆ ಕೋಣೆಯಲ್ಲಿ ಮಸೂರ ಜೋಡಿಸುತ್ತ ಕಳೆದ ಮಧ್ಯಾಹ್ನಗಳು ನೆನಪಿವೆ. ಈಗಿನ ಮಕ್ಕಳಿಗೆ ಅದು ಬೇಡ, ಕಂಪ್ಯೂಟರು ಒಂದೇ ಸಾಕು ಎನ್ನುವ ತಂದೆತಾಯಿಗಳೇ ಹೆಚ್ಚು. ಅದು ಸಾಲದೆಂಬುದಕ್ಕೆ ನನ್ನದೇ ಅನುಭವವಿದೆ.

ಎರಡು ವರ್ಷದ ಹಿಂದೆ ಒಂದು ಕಡೆ ಬಣ್ಣ ನೋಡಿ ವಿಂಗಡಿಸುವ ಯಂತ್ರ ನನ್ನ ಕಾಫಿಯಲ್ಲಿ ಒಳ್ಳೆಯ ಬೀಜವನ್ನೂ ಕಳಪೆಯೆಂದು ಹೊರತಳ್ಳಿತು. ಅಲ್ಲಿನ ಹುಡುಗರು ಪರದೆಯ ಮೇಲಿನ ಅಂಕಿಗಳನ್ನೇ ತಿರುಗಿಸಿ ತಿರುಗಿಸಿ ನೋಡಿದರು. ಸಂಜೆ ಯಾರೋ ಗಾಜಿನ ಮೇಲಿನ ಧೂಳು ಒರೆಸಿದಾಗ ಸರಿಹೋಯಿತು. ಅಷ್ಟರಲ್ಲಿ ನನ್ನ ಬಿಲ್ಲು ಆಗಿಹೋಗಿತ್ತು. ಇನ್ನು, ಬೇರೆ ಸೀಮೆಯ ಬೀಜವನ್ನಷ್ಟೇ ನೋಡಿ ಕಲಿತ ಯಂತ್ರ ನಮ್ಮ ಮಾಲಿನ ಬಣ್ಣವನ್ನೇ ದೋಷವೆಂದೀತು. ಯಾವ ಮಾದರಿ ತೋರಿಸಿ, ಯಾವ ಬೆಳಕಿನಲ್ಲಿ ಕಲಿಸಿದರೆಂದು ಕೇಳುವ ಹಕ್ಕು ಬೆಳೆಗಾರನಿಗೆ ಇರಬೇಕು.

ಮಕ್ಕಳನ್ನು ಸೇರಿಸುವ ಮುನ್ನ ಕಾಲೇಜಿನ ಕಂಪ್ಯೂಟರು ಕೋಣೆಯೊಂದನ್ನೇ ನೋಡಿ ಬರಬೇಡಿ. ಬೆಳಕಿನ ಪ್ರಯೋಗಶಾಲೆಯನ್ನೂ ತೆಗೆಸಿ ನೋಡಿ. ಬೀಗ ತುಕ್ಕು ಹಿಡಿದಿದ್ದರೆ ಬೇರೆ ಕಾಲೇಜು ವಿಚಾರಿಸಿ.