ಹಳೆಯ ಮೋಟಾರಿನ ಕೆಳಮೈ

ಚಕ್ಕಡಿಯನ್ನು ಕೊಳ್ಳಹೋದ ಒಕ್ಕಲಿಗನು ಅದರ ಬಣ್ಣಕ್ಕೆ ಮರುಳಾಗುವುದಿಲ್ಲ. ಅವನು ಮೊದಲು ಬಗ್ಗಿ ಅಚ್ಚನ್ನು ನೋಡುವನು. ಗಾಲಿಯ ಹಳಿಯನ್ನು ಬಡಿದು ಅದರ ಸದ್ದನ್ನು ಕೇಳುವನು. ಆಮೇಲೆಯೇ ಬೆಲೆಯ ಮಾತು. ಆದರೆ ಮೋಟಾರುಗಾಡಿಯ ಪ್ರಸ್ತಾಪ ಬಂದೊಡನೆ ಅದೇ ಒಕ್ಕಲಿಗನ ಮಕ್ಕಳು ಮೇಲಿನ ಹೊಳಪನ್ನಷ್ಟೇ ನೋಡಿ ತಲೆದೂಗುವುದುಂಟು. ಹಳೆಯ ಗಾಡಿಯ ಆಯುಷ್ಯವಿರುವುದು ಕಣ್ಣಿಗೆ ಬೀಳದ ಅದರ ಕೆಳಮೈಯಲ್ಲಿ ಎಂಬ ಮಾತು ನಮಗೆ ಚೆನ್ನಾಗಿ ಮನದಟ್ಟಾದದ್ದು ಯಾದಗಿರಿ ಜಿಲ್ಲೆಯ ದೋರನಹಳ್ಳಿಯಲ್ಲಿ.

ಶಹಾಪುರದಿಂದ ಯಾದಗಿರಿಗೆ ಹೋಗುವ ದಾರಿಯಲ್ಲಿರುವ ಆ ಊರಿನಲ್ಲಿ ನಮ್ಮ ಆಪ್ತರ ಮನೆಯೊಂದುಂಟು. ಅವರ ದನದ ಕೊಟ್ಟಿಗೆಯ ಪಕ್ಕದ ಛಪ್ಪರದಲ್ಲಿ, ಮನೆಯ ಹಿರಿಯರು ಬಿಟ್ಟುಹೋದ ಸ್ಟ್ಯಾಂಡರ್ಡ್ ಹೆರಾಲ್ಡ್ ಗಾಡಿಯೊಂದು ಬಹುಕಾಲದಿಂದ ನಿಂತಿತ್ತು. ತಂಗಿಯ ಮದುವೆಗೆ ಇನ್ನು ಎರಡು ತಿಂಗಳಿರುವಾಗ ಮೊಮ್ಮಗನಿಗೆ ಒಂದು ಹಂಬಲ ಹುಟ್ಟಿತು: ಮದುಮಗಳನ್ನು ಅಜ್ಜನ ಗಾಡಿಯಲ್ಲಿಯೇ ಅತ್ತೆಯ ಮನೆಗೆ ಕಳುಹಿಸಬೇಕು. ಹಳೆಯ ಗಾಡಿಗಳ ಅಡಿಯಲ್ಲಿ ಕೆಲವು ವರುಷ ಮೈ ಕೊಳೆಮಾಡಿಕೊಂಡ ಅನುಭವ ನಮಗಿದ್ದುದರಿಂದ ನಮಗೆ ಕರೆ ಬಂದಿತು.

ಇಲ್ಲಿ ಆ ಗಾಡಿಯ ಕುಲವನ್ನು ಎರಡು ಮಾತಿನಲ್ಲಿ ಹೇಳಬೇಕು. ಇಂಗ್ಲೆಂಡಿನ ಟ್ರಯಂಫ್ ಹೆಸರಿನಲ್ಲಿ 1959ರಲ್ಲಿ ಹೊರಬಂದ ಹೆರಾಲ್ಡಿಗೆ ರೂಪ ಕೊಟ್ಟವನು ಇಟಲಿಯ ಜೊವಾನಿ ಮಿಕೆಲೊಟ್ಟಿ. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಸಂಸ್ಥೆಯು ಅದನ್ನು ನಮ್ಮ ದೇಶದಲ್ಲಿ ತಯಾರಿಸಿತು. ಮೈಯೂ ಚಾಸಿಯೂ ಒಂದೇ ಆಗಿರುವ ಗಾಡಿಗಳು ಬಳಕೆಗೆ ಬರುತ್ತಿದ್ದ ಆ ಕಾಲದಲ್ಲಿಯೂ ಹೆರಾಲ್ಡಿಗೆ ಬೇರೆಯೇ ಆದ ಉಕ್ಕಿನ ಚಾಸಿಯಿತ್ತು; ಅದರ ಮೇಲೆ ಮೈಯನ್ನು ತುಂಡುತುಂಡಾಗಿ ಬೋಲ್ಟುಗಳಿಂದ ಬಿಗಿದಿದ್ದರು. ಇದೇ ಚಾಸಿಯನ್ನು ಗಿಡ್ಡಮಾಡಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಹೆಸರಾಂತ ಸ್ಪೋರ್ಟ್ಸ್ ಕಾರನ್ನು ಹೊರತಂದರು. ಅದು 1980ರವರೆಗೂ ತಯಾರಾಯಿತು. ಆದುದರಿಂದ ನಮ್ಮ ಹಳ್ಳಿಯ ಹೆರಾಲ್ಡು ವೇಗದ ಗಾಡಿಗೆ ದಾಯಾದಿಯೇ ಸರಿ. ಒಂದಕ್ಕೆ ಬರುವ ಬೇನೆಯು ಇನ್ನೊಂದಕ್ಕೂ ಬರುತ್ತದೆ, ಮದ್ದೂ ಬಹುಮಟ್ಟಿಗೆ ಒಂದೇ.

ನಾವು ಹೋದಾಗ ಹುಡುಗನು ಗಾಡಿಯನ್ನು ತೊಳೆದು, ಮೇಣ ತಿಕ್ಕಿ, ಕನ್ನಡಿಯಂತೆ ಹೊಳೆಯಿಸಿದ್ದನು. ಕೆಳಗೆ ನೋಡಿದರೆ ಎಲ್ಲವೂ ಕಪ್ಪಗೆ, ನುಣ್ಣಗೆ ಇದ್ದಿತು. ಹಿಂದೆಂದೋ ಯಾವುದೋ ಕಾರ್ಖಾನೆಯಲ್ಲಿ ಡಾಂಬರಿನಂತಹ ಲೇಪವನ್ನು ಬಳಿಸಿದ್ದರು. "ಕೆಳಗೆ ಚಿಂತೆಯಿಲ್ಲ, ಕಾಕಾ" ಎಂದನು ಹುಡುಗ. ಕಟ್ಟೆಯ ಮೇಲೆ ಕುಳಿತಿದ್ದ ಅವನ ಅಜ್ಜಿ ನಕ್ಕು, "ನಿಮ್ಮಜ್ಜ ಗಾಡಿ ಹತ್ತೂಕಿಂತ ಮೊದಲು ದಿನಾ ಬಗ್ಗಿ ನೋಡ್ತಿದ್ದರು. ನೀ ಬರೇ ಮ್ಯಾಲಿಂದು ನೋಡ್ಲಾಕತ್ತಿ" ಎಂದರು. ನಾವು ಸ್ಕ್ರೂಡ್ರೈವರಿನ ಹಿಡಿಕೆಯಿಂದ ಕೆಳಗಿನ ತೊಲೆಗಳನ್ನು ಬಡಿಯುತ್ತ ಹೋದೆವು. ಗಟ್ಟಿ ಉಕ್ಕು ಟಣ್ ಎನ್ನುತ್ತದೆ. ಕೊಳೆತದ್ದು ಮಂಕಾಗಿ ದಬ್ ಎನ್ನುತ್ತದೆ. ನಡುವಣ ಎರಡು ತೊಲೆಗಳು ಚೆನ್ನಾಗಿ ಉತ್ತರ ಕೊಟ್ಟವು. ಅವುಗಳಿಂದ ಪಕ್ಕಕ್ಕೆ ಚಾಚಿ ಮೈಯನ್ನು ಹೊರುವ ತೋಳುಗಳಲ್ಲಿ ಒಂದರ ಬಳಿ ಸದ್ದು ಕೆಟ್ಟಿತು; ಮೊನೆಯನ್ನು ಒತ್ತಿದೊಡನೆ ಅದು ಹಪ್ಪಳದಲ್ಲಿ ಇಳಿದಂತೆ ಒಳಗಿಳಿಯಿತು. ಹುಡುಗನ ಮುಖ ಬಾಡಿತು.

ಮೇಲೆ ಲೇಪವಿದ್ದೂ ಒಳಗೆ ಕೊಳೆತದ್ದು ಹೇಗೆ? ಕಬ್ಬಿಣಕ್ಕೆ ನೀರೂ ಗಾಳಿಯಲ್ಲಿನ ಆಮ್ಲಜನಕವೂ ಕೂಡಿದರೆ ತುಕ್ಕು ಹುಟ್ಟುತ್ತದೆ. ಲವಣ ಸೇರಿದರೆ ಆ ಕೆಲಸ ಇನ್ನೂ ಬೇಗ ನಡೆಯುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಸ್ಥಳವನ್ನು ಬೇಡುವುದರಿಂದ ಮೇಲಿನ ಬಣ್ಣವನ್ನು ಉಬ್ಬಿಸಿ ಒಡೆಯುತ್ತದೆ. ಒಡೆದ ಬಿರುಕಿನಲ್ಲಿ ಮತ್ತೆ ನೀರು ಇಳಿಯುತ್ತದೆ. ಡಾಂಬರಿನ ಲೇಪವು ಹಳತಾಗಿ ಬಿರಿದರೆ, ಒಳಹೊಕ್ಕ ನೀರನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ. ಹೀಗೆ ಕಾಯಬೇಕಾದ ಹೊದಿಕೆಯೇ ಕಳ್ಳನಿಗೆ ಮರೆಯಾಗುತ್ತದೆ. ಕೊಡಚಾದ್ರಿಯ ಮೇಲಿನ ಕಬ್ಬಿಣದ ಕಂಬವು ಮಲೆನಾಡಿನ ಅಷ್ಟೊಂದು ಮಳೆಯಲ್ಲಿಯೂ ನಿಂತಿರುವುದನ್ನು ಕೆಲವರು ಎತ್ತಿ ಹೇಳಬಹುದು. ಆದರೆ ಆ ಕಂಬದಂತಹ ಹಳೆಯ ಕಬ್ಬಿಣವೇ ಬೇರೆ, ಮೋಟಾರಿನ ತೆಳುವಾದ ತಗಡೇ ಬೇರೆ.

ನಮ್ಮ ಸೀಮೆಯ ಎರೆಮಣ್ಣೂ ಇದರಲ್ಲಿ ಪಾಲುಗಾರನೇ. ಮಳೆಗಾಲದಲ್ಲಿ ಆ ಮಣ್ಣು ಗಾಲಿಯ ಮೇಲಿನ ಗೂಡುಗಳಲ್ಲಿಯೂ ಚಾಸಿಯ ಮೂಲೆಗಳಲ್ಲಿಯೂ ಮೆತ್ತಿಕೊಂಡು, ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವವನ್ನು ಬಹುದಿನ ಹಿಡಿದಿರುತ್ತದೆ. ನಾರಾಯಣಪುರದ ಅಣೆಕಟ್ಟಿನಿಂದ ಶಹಾಪುರ ಸೀಮೆಗೆ ಕಾಲುವೆಯ ನೀರು ಬಂದ ಮೇಲೆ ಬೇಸಿಗೆಯಲ್ಲಿಯೂ ಕೆಸರುಂಟು. ನೀರು ನಿಂತ ಕಡೆ ಸವಳೂ ಉಂಟು. ಸವಳುಮಣ್ಣಿನ ಲವಣವು ತುಕ್ಕಿಗೆ ಔತಣವಿದ್ದಂತೆ. ಆದುದರಿಂದ ಮೊದಲನೆಯ ಔಷಧಿಯು ಬಣ್ಣವಲ್ಲ, ನೀರು: ಮಳೆಗಾಲ ಮುಗಿದೊಡನೆ ತಳವನ್ನು ಚೆನ್ನಾಗಿ ತೊಳೆದು ಗಾಳಿಗೆ ಒಣಗಿಸತಕ್ಕದ್ದು.

ಇನ್ನು ಮನೆಯಲ್ಲಿಯೇ ಈ ಕೆಲಸಕ್ಕೆ ಕೈ ಹಾಕುವವರು ಗಮನಿಸಬೇಕಾದ ಕ್ರಮವನ್ನು ಹೇಳುವೆವು. ಜಾಕಿನ ಮೇಲಷ್ಟೇ ನಿಂತ ಗಾಡಿಯ ಕೆಳಗೆ ಎಂದಿಗೂ ನುಸುಳಬಾರದು. ಗಟ್ಟಿ ನೆಲದ ಮೇಲೆ ಕಬ್ಬಿಣದ ಸ್ಟ್ಯಾಂಡುಗಳನ್ನು ನಿಲ್ಲಿಸಿ, ಗಾಡಿಯನ್ನು ಅವುಗಳ ಮೇಲೆ ಇಳಿಸಿ, ಅಲುಗಿಸಿ ನೋಡಿದ ಮೇಲೆಯೇ ಒಳಹೊಗಬೇಕು. ಇಟ್ಟಿಗೆಯನ್ನೂ ಸಿಮೆಂಟಿನ ಪೊಳ್ಳು ಕಲ್ಲನ್ನೂ ನಂಬಲಾಗದು. ಅವು ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತವೆ. ಕಣ್ಣಿಗೆ ಕನ್ನಡಕ, ಮೂಗಿಗೆ ಒಳ್ಳೆಯ ಮುಖವಾಡ ಬೇಕು. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಅದರ ಧೂಳು ಮಕ್ಕಳು ಆಡುವ ಅಂಗಳಕ್ಕೆ ಹಾರಕೂಡದು.

ಆಮೇಲೆ ಹಳೆಯ ಲೇಪವನ್ನು ಕೆರೆದು, ತಂತಿಯ ಬ್ರಷ್ಷಿನಿಂದ ಉಜ್ಜಿ, ಉಕ್ಕನ್ನು ಬತ್ತಲೆಮಾಡಬೇಕು. ಸಡಿಲವಾದ ತುಕ್ಕೆಲ್ಲ ಉದುರಿದ ಬಳಿಕ ಕುಳಿಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿನ್ ಇರುವ ದ್ರಾವಣವನ್ನು ಬಳಿಯುವರು. ಟ್ಯಾನಿನ್ ತುಕ್ಕನ್ನು ಕಪ್ಪಾದ, ಗಟ್ಟಿಯಾದ ಪದಾರ್ಥವನ್ನಾಗಿ ಮಾರ್ಪಡಿಸುತ್ತದೆ. ಇದು ಹೊಸ ಮಾಟವೇನಲ್ಲ: ನಮ್ಮ ಹಿರಿಯರು ಅಳಲೆಕಾಯಿಯ ಒಗರಿಗೆ ಅನ್ನಭೇದಿಯನ್ನು ಬೆರೆಸಿ ಕಪ್ಪು ಶಾಯಿ ಮಾಡಿಕೊಳ್ಳುತ್ತಿದ್ದುದೂ ಇದೇ ಗುಣದಿಂದ. ಆದರೆ ಇಂತಹ ದ್ರಾವಣಗಳು ಮೇಲ್ತುಕ್ಕಿಗೆ ಮಾತ್ರ ಮದ್ದು. ತೂತುಬಿದ್ದ ಉಕ್ಕಿಗೆ ಇರುವ ಮಾರ್ಗ ಒಂದೇ: ಕೊಳೆತದ್ದನ್ನು ಗಟ್ಟಿ ಉಕ್ಕು ಸಿಗುವವರೆಗೂ ಕತ್ತರಿಸಿ, ಹೊಸ ತುಂಡನ್ನು ಬೆಸೆಯುವುದು. ಮೇಣದಂತಹ ಪುಟ್ಟಿಯನ್ನು ತುಂಬಿ ಬಣ್ಣ ಬಳಿಯುವುದು ತನ್ನನ್ನು ತಾನೇ ವಂಚಿಸಿಕೊಂಡಂತೆ.

ಕತ್ತರಿಸುವಲ್ಲಿಯೂ ವಿವೇಕ ಬೇಕು. ಸ್ಪಿಟ್‌ಫೈರಿನಲ್ಲಿಯೂ, ಚಾಸಿಯೇ ಇಲ್ಲದ ಎಂ.ಜಿ.ಬಿ.ಯಂತಹ ಗಾಡಿಗಳಲ್ಲಿಯೂ ಬಾಗಿಲ ಕೆಳಗಿನ ಹೊಸ್ತಿಲೇ ಗಾಡಿಯ ಬೆನ್ನುಮೂಳೆಯಂತೆ ಭಾರ ಹೊರುತ್ತದೆ. ಒಳಗೆ ಅಡ್ಡಗಂಬಿ ಕೊಡದೆ ಅದನ್ನು ಕತ್ತರಿಸಿದರೆ ಗಾಡಿ ನಡುವೆ ಬಾಗಿ, ಮುಂದೆ ಬಾಗಿಲು ಮುಚ್ಚಿಕೊಳ್ಳುವುದಿಲ್ಲ. ಆದುದರಿಂದ ಬಾಗಿಲ ಸಂದುಗಳನ್ನು ಮೊದಲೇ ಅಳೆದು ಬರೆದಿಡಬೇಕು; ಒಂದು ಪಕ್ಕ ಪೂರ್ತಿಯಾದ ಮೇಲೆಯೇ ಇನ್ನೊಂದನ್ನು ಮುಟ್ಟಬೇಕು. ಹೆರಾಲ್ಡಿನಲ್ಲಿ ಈ ಭಾರವನ್ನು ಚಾಸಿಯೂ ಅದರ ತೋಳುಗಳೂ ಹೊರುವುದರಿಂದ ಅಳತೆಯನ್ನು ಅಲ್ಲಿ ಹಿಡಿಯಬೇಕು. ಬೆಸುಗೆಗೆ ಮುನ್ನ ಬ್ಯಾಟರಿಯ ತಂತಿಯನ್ನು ಕಳಚಿ, ಪೆಟ್ರೋಲಿನ ತೊಟ್ಟಿಯನ್ನು ದೂರವಿಡತಕ್ಕದ್ದು; ಬರಿದಾದ ತೊಟ್ಟಿಯಲ್ಲಿಯೂ ಸಿಡಿಯಬಲ್ಲ ಆವಿ ತುಂಬಿರುತ್ತದೆ. ಟ್ರ್ಯಾಕ್ಟರಿನ ಟ್ರಾಲಿಯನ್ನು ಬೆಸೆಯುವ ಕೈಗಳು ನಮ್ಮ ಕಡೆ ಬಹಳವುಂಟು. ಆದರೆ ದಪ್ಪ ಕಬ್ಬಿಣಕ್ಕೆ ಒಗ್ಗಿದ ಆ ಬೆಸುಗೆಕಡ್ಡಿಯು ತೆಳು ತಗಡನ್ನು ಸುಟ್ಟು ತೂತುಮಾಡುತ್ತದೆ. ತೆಳು ತಗಡಿಗೆ ಅನಿಲದ ರಕ್ಷೆಯುಳ್ಳ ತಂತಿಬೆಸುಗೆಯೂ ಅದನ್ನು ಬಲ್ಲ ಕೈಯೂ ಬೇಕು.

ಕೊನೆಗೆ ಲೇಪ. ಬತ್ತಲೆ ಉಕ್ಕಿಗೆ ಮೊದಲು ಸತುವಿನ ಪ್ರೈಮರು. ಸತುವು ತಾನು ಸವೆದು ಉಕ್ಕನ್ನು ಕಾಯುತ್ತದೆ. ಮೇಲೆ ಗಟ್ಟಿ ಬಣ್ಣ. ಪೆಟ್ಟಿಗೆಯಂತೆ ಪೊಳ್ಳಾಗಿರುವ ತೊಲೆಗಳ ಒಳಕ್ಕೆ ತೆಳುವಾದ ಮೇಣವನ್ನು ಚಿಮುಕಿಸಬೇಕು. ನೀರು ಇಳಿದುಹೋಗಲೆಂದು ತಯಾರಕರೇ ಇಟ್ಟ ಸಣ್ಣ ರಂಧ್ರಗಳನ್ನು ಮಾತ್ರ ಮುಚ್ಚಬಾರದು. ಮನೆಯ ಬಚ್ಚಲ ಮೋರಿಯನ್ನು ಯಾರಾದರೂ ಮುಚ್ಚುವರೇ?

ದೋರನಹಳ್ಳಿಯ ಗಾಡಿಯ ಮಾತಿಗೆ ಮರಳುವೆವು. ಕೊಳೆತ ತೋಳಿನ ಸಮೀಪದಲ್ಲಿ ಹಾಯ್ದಿದ್ದ ಬ್ರೇಕಿನ ಉಕ್ಕಿನ ಕೊಳವೆಯನ್ನು ಒರೆಸಿ ನೋಡಿದರೆ, ಅದೂ ತುಕ್ಕಿನಿಂದ ಉಬ್ಬಿಕೊಂಡಿತ್ತು. ಅಂತಹ ಕೊಳವೆ ನಿಧಾನವಾಗಿ ಓಡುವಾಗ ಒಡೆಯುವುದಿಲ್ಲ. ಎದುರಿಗೆ ದನವೋ ಮಗುವೋ ಬಂದು ಬ್ರೇಕನ್ನು ಬಲವಾಗಿ ತುಳಿದ ಗಳಿಗೆಯಲ್ಲಿಯೇ ಒಡೆಯುತ್ತದೆ. "ಈ ಗಾಡಿ ಮದುವೆಗೆ ಹೊರಡಕೂಡದು" ಎಂದೆವು. ಹುಡುಗನು ಒಂದು ಸಲವಾದರೂ ಮೆಲ್ಲಗೆ ಓಡಿಸುವೆನೆಂದು ಅಂಗಲಾಚಿದನು. ಅವನ ತಂದೆ ಎರಡು ದಿನ ನಮ್ಮೊಡನೆ ಸರಿಯಾಗಿ ಮಾತನಾಡಲಿಲ್ಲ. ಬೀಗರಿಗೆಲ್ಲ ಆಗಲೇ ಹೇಳಿಬಿಟ್ಟಿದ್ದರು. ಕೊನೆಗೆ ಅಜ್ಜಿಯೇ ತೀರ್ಮಾನ ಕೊಟ್ಟರು. ಮದುಮಗಳು ಬಾಡಿಗೆಯ ಗಾಡಿಯಲ್ಲಿ ಹೋದಳು.

ಮದುವೆಯ ಸಡಗರ ಅಡಗಿದ ಮೇಲೆ ಕೆಲಸ ಆರಂಭವಾಯಿತು. ಉಜ್ಜುವುದು, ಅಳೆಯುವುದು, ಬಳಿಯುವುದು ಹುಡುಗನ ಪಾಲು. ತೋಳಿನ ಬೆಸುಗೆಯನ್ನೂ ಬ್ರೇಕಿನ ಹೊಸ ಕೊಳವೆಗಳನ್ನೂ ಬಲ್ಲ ಕಸುಬುದಾರರಿಗೆ ಒಪ್ಪಿಸಿದೆವು. ಹೊಳಪಿನಲ್ಲಿಯೇ ಇದ್ದ ಅವನ ಚಿತ್ತವು ದಿನಗಳೆದಂತೆ ತಳಕ್ಕಿಳಿಯಿತು. ಸುತ್ತಲಿನ ಗೆಳೆಯರಿಗೆ ಅವನು ಈಗ ತೋರಿಸುವುದು ಬಾನೆಟ್ಟನ್ನಲ್ಲ. ನೆಲದ ಮೇಲೆ ಗೋಣಿ ಹಾಸಿ, "ಇಲ್ಲಿ ಮಲಗಿ ನೋಡ್ರಿ" ಎನ್ನುವನು.

ಮರುವರುಷ ದೀಪಾವಳಿಗೆ ತಂಗಿಯನ್ನು ತವರಿಗೆ ಕರೆತರಲು ಆ ಗಾಡಿಯೇ ಹೊರಟಿತು. ಮುಂದಿನ ಆಸನದಲ್ಲಿ ಅಜ್ಜಿ. ಹತ್ತುವ ಮುನ್ನ ಆಕೆ, "ಬಗ್ಗಿ ನೋಡಿದೇನಪ್ಪಾ?" ಎಂದು ಕೇಳಿದರು. ಹುಡುಗನ ಬೆನ್ನಿಗೆ ಅಂಟಿದ್ದ ಧೂಳೇ ಉತ್ತರ ಹೇಳಿತು.